ಕೆಲಸ ಸಿಕ್ಕಿದೆಯೇ: ಹೌದು, ಇಲ್ಲ

ಜೂನ್ 3, ಸೋಮವಾರ

ಇವತ್ತು ಮೂವತ್ತೆಂಟು ಕರೆ. ಎತ್ತಿದವರು ಹದಿನೇಳು. ಸ್ವಿಚ್ ಆಫ್ ಹನ್ನೆರಡು. ಉಳಿದದ್ದೆಲ್ಲ ರಾಂಗ್ ನಂಬರ್. ಒಂದು ಮನೆಯಲ್ಲಿ ಮಾತು ಬಾರದ ಮಗು ಎತ್ತಿಕೊಂಡಿತು. ಅದರ ಜೊತೆ ಎರಡು ನಿಮಿಷ ಮಾತಾಡಿದೆ. ದಿನದಲ್ಲಿ ನೆಮ್ಮದಿಯ ಕರೆ ಅಂದರೆ ಅದೊಂದೇ.

ಕೇಳುವುದು ಅದೇ ನಾಲ್ಕು. ಕೋರ್ಸ್ ಮುಗಿಸಿದಿರಾ? ಕೆಲಸ ಸಿಕ್ಕಿತಾ? ತೊಂಬತ್ತು ದಿನದೊಳಗೆ ಸಿಕ್ಕಿತಾ? ನೇಮಕ ಪತ್ರ ಇದೆಯಾ? ನಾಲ್ಕಕ್ಕೂ ಹೌದು ಎಂದರೆ ಒಂದು ಟಿಕ್. ಟಿಕ್‌ಗಳು ಸೇರಿ ಪರ್ಸೆಂಟು. ಪರ್ಸೆಂಟು ಸೇರಿ ರಿಪೋರ್ಟು. ಹತ್ತೊಂಬತ್ತು ವರ್ಷದಿಂದ ಉದ್ಯೋಗ ಯೋಜನಾ ಕಚೇರಿಯ ಮೂರನೇ ಮಹಡಿಯಲ್ಲಿ ಕೂತು ಇದನ್ನೇ ಅರೆಯುತ್ತಿದ್ದೇನೆ.

ಈ ಸಲ ಊರಿನ ಸಮುದಾಯ ಕಾಲೇಜಿನ ಎರಡು ಕೋರ್ಸು. ಈ ಪ್ರದೇಶಕ್ಕೆ ಬೇಕಾದ ಕೆಲಸವನ್ನು ಯಾವುದು ಕಲಿಸುತ್ತಿದೆ, ಯಾವುದು ಸುಮ್ಮನೆ ಹೊತ್ತು ಕಳೆಯುತ್ತಿದೆ — ನೋಡಿ ಹೇಳಬೇಕು. ಒಂದಕ್ಕೆ ಸೀಟು ದುಪ್ಪಟ್ಟು. ಒಂದಕ್ಕೆ ಬೀಗ. ರಿಪೋರ್ಟು ಇಪ್ಪತ್ತೆಂಟಕ್ಕೆ.

ಆಸ್ಪತ್ರೆ ದಾಖಲೆ ಕೋರ್ಸ್ ಮಾಡಿದ ಒಬ್ಬಾಕೆ —

"ಕೆಲಸ ಸಿಕ್ಕಿತ್ತು ಮೇಡಂ."

"ಈಗ?"

"ಈಗಿಲ್ಲ. ಒಂದು ತಿಂಗಳು ಇತ್ತು. ನೀವು ಸಿಕ್ಕಿತಾ ಅಂತ ತಾನೇ ಕೇಳಿದ್ದು?"

ಹೌದು. ಅದನ್ನೇ ಕೇಳಿದ್ದು. ಟಿಕ್ ಹಾಕಿದೆ. 'ಈಗ' ಎನ್ನುವುದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಜೂನ್ 5, ಬುಧವಾರ

ಕಾಲೇಜಿಗೆ ಹೋಗಿದ್ದೆ. ಪ್ರಿನ್ಸಿಪಾಲರು ಗೇಟಿಗೇ ಬಂದಿದ್ದರು. ಸದಾ ನಗು. ಕೆಟ್ಟ ಸುದ್ದಿ ಹೇಳಿದರೂ ಮೊದಲು ನಕ್ಕು ಆಮೇಲೆ ಕೇಳಿಸಿಕೊಳ್ಳುವ ಜಾತಿ.

ಅವರ ಕೋಣೆಯ ಗೋಡೆಗೆ ಚಾರ್ಟು. ಆಸ್ಪತ್ರೆ ದಾಖಲೆ ನಿರ್ವಹಣೆ, ತೊಂಬತ್ತೆರಡು ಪರ್ಸೆಂಟ್. ಅದರ ಪಕ್ಕ ಫ್ರೇಮ್ ಹಾಕಿದ ಒಂದು ಕಾಗದ. ಹತ್ತಿರ ಹೋಗಿ ನೋಡಿದರೆ ನಾಲ್ಕು ವರ್ಷದ ಹಿಂದೆ ನಾನು ಮಾಡಿದ ಸರ್ವೆಯ ಮುಖಪುಟ. 'ಈ ಪ್ರದೇಶಕ್ಕೆ ನಾನೂರು ದಾಖಲೆ ಸಹಾಯಕರ ಅಗತ್ಯವಿದೆ.'

"ಈ ಕೋರ್ಸಿಗೆ ತಾಯಿ ಇದ್ದ ಹಾಗೆ ಮೇಡಂ ನೀವು" ಎಂದರು.

ಖುಷಿಯಾಯಿತು. ಸುಳ್ಳೇಕೆ ಬರೆಯಲಿ.

ಆಮೇಲೆ ಹಿಂದಿನ ಶೆಡ್ಡಿಗೆ. ರೆಫ್ರಿಜರೇಷನ್ ಕೋರ್ಸು. ಶೀತಲ ಗೋದಾಮು, ಅಂಗಡಿಯ ಫ್ರೀಜರು, ಐಸ್ ಕಾರ್ಖಾನೆ — ಇಂಥವನ್ನು ರಿಪೇರಿ ಮಾಡುವುದನ್ನು ಕಲಿಸುತ್ತಾರೆ. ಕಲಿಸುವವರನ್ನು ಎಲ್ಲರೂ ಥಂಡಿ ಮೇಷ್ಟ್ರು ಎನ್ನುತ್ತಾರೆ. ಅರವತ್ತಕ್ಕೆ ಒಂದು ವರ್ಷ ಕಡಿಮೆ. ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದವರು ಮುಗಿಸಿದ ಮೇಲೆಯೇ ತಲೆಯೆತ್ತಿದ್ದು.

"ನಿಮ್ಮದು ಮೂವತ್ತರಲ್ಲಿ ಹನ್ನೊಂದು ಮೇಷ್ಟ್ರೇ. ಮೂವತ್ತೇಳು ಪರ್ಸೆಂಟ್."

"ಇರಬೋದು."

"ಉಳಿದ ಹತ್ತೊಂಬತ್ತು ಜನ?"

"ದುಡೀತಿದಾರೆ. ಬ್ಯಾಗು ಹಾಕ್ಕೊಂಡು ಅಂಗಡಿ ಅಂಗಡಿಗೆ ಹೋಗ್ತಾರೆ. ಅವರಿಗೆ ನೇಮಕ ಪತ್ರ ಯಾರು ಕೊಡಬೇಕು? ಅವರೇ ಬರ್ಕೊಂಡು ಅವರೇ ಸೈನ್ ಹಾಕ್ಕೋಬೇಕು."

"ಅದು ನಡೆಯಲ್ಲ."

"ಗೊತ್ತು. ಅದಕ್ಕೇ ಹನ್ನೊಂದು ಅಂತ ಬರೆದಿದ್ದು. ಒಂದು ಸಲ ಬಂದು ನೋಡ್ತೀರಾ, ಇಲ್ಲ ಫೋನಲ್ಲೇ ಮುಗಿಸ್ತೀರಾ?"

ನೋಡುತ್ತೇನೆ ಎಂದೆ. ಫೋನಿನ ಮಾತು ಚುಚ್ಚಿತ್ತು.

ಜೂನ್ 7, ಶುಕ್ರವಾರ

ಹೂವಿನ ಸಗಟು ಅಂಗಡಿ. ಹಿಂದೆ ತಣ್ಣನೆಯ ಕೋಣೆ, ಬಕೆಟ್ ಬಕೆಟ್ ಹೂವು. ಕೋಣೆ ತಂಪು ಕಳೆದುಕೊಂಡಿತ್ತು. ಮಾಲೀಕ ಬಾಗಿಲಲ್ಲೇ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ. ಒಳಗೆ ನೆಲದ ಮೇಲೆ ಮಂಡಿಯೂರಿ ಕೂತವಳು ಥಂಡಿ ಮೇಷ್ಟ್ರ ಹಳೆಯ ಶಿಷ್ಯೆ. ಮಾರ್ಕೆಟ್ಟಿನವರು ಇಟ್ಟ ಹೆಸರು ಗ್ಯಾಸಕ್ಕ. ಗ್ಯಾಸ್ ತುಂಬುತ್ತಾಳಲ್ಲ, ಅದಕ್ಕೆ.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿನ ಮೈಗಿಟ್ಟು ಹಿಡಿಯನ್ನು ಕಿವಿಗೊತ್ತಿಕೊಂಡಳು. ಡಾಕ್ಟರು ಎದೆ ಕೇಳುವ ಹಾಗೆ. ಕಣ್ಣು ಮುಚ್ಚಿ ಕೇಳಿದಳು. "ಇದಕ್ಕೇನೂ ಆಗಿಲ್ಲ. ಬೇರೆ ಕಡೆ ಸೋರ್ತಿದೆ" ಎಂದಳು. ಸೋಪಿನ ನೀರು ಹಚ್ಚಿ ಹುಡುಕಿ, ಬೆಸೆದು, ಮುಗಿಸುವಷ್ಟರಲ್ಲಿ ಫೋನು ನಾಲ್ಕು ಸಲ ಬಡಿದುಕೊಂಡಿತು. ನಾಲ್ಕೂ ಇಂಥವೇ ಕರೆಗಳು.

"ಮೊದಲು ಎಲ್ಲಿದ್ರಿ?"

"ಪ್ಯಾಕಿಂಗ್ ಯೂನಿಟ್‌ನಲ್ಲಿ ಡಬ್ಬ ಎಣಿಸ್ತಿದ್ದೆ. ಮುಚ್ಚಿದ್ರಲ್ಲ ಮೂರು ವರ್ಷದ ಹಿಂದೆ."

ನನ್ನ ತಂಗಿಯೂ ಅಲ್ಲೇ ಇದ್ದಳು ಎಂದೆ. ಅವಳಿಗೆ ಗುರುತು ಹತ್ತಿತು. "ಮೂರನೇ ಲೈನಿನವಳು. ಬಲು ಚುರುಕು ಕೈ. ಈಗೇನು ಮಾಡ್ತಿದಾಳೆ?"

"ಆಸ್ಪತ್ರೆ ದಾಖಲೆ ವಿಭಾಗದಲ್ಲಿದಾಳೆ."

"ಕುರ್ಚಿ ಕೆಲಸ. ಪುಣ್ಯವಂತೆ."

ಫಾರ್ಮ್ ತೆಗೆದೆ. ನೇಮಕ ಪತ್ರ — ಇಲ್ಲ. ಹಾಗಾದರೆ ಕೆಲಸ — ಇಲ್ಲ. ಅವಳು ಬಗ್ಗಿ ನೋಡಿದಳು.

"ಕಣ್ಣಾರೆ ನೋಡಿದ ಮೇಲೂ ಇಲ್ಲ ಅಂತ್ಲೇ ಹಾಕ್ತೀರಾ?"

"ರೂಲ್ಸು ಹಾಗಿದೆ."

"ಸರಿ ಬಿಡಿ. ಇಲ್ಲದವಳು ಬಂದು ಇದ್ದದ್ದನ್ನ ರಿಪೇರಿ ಮಾಡಿ ಹೋದಳು ಅಂತ ಬರ್ಕೊಳ್ಳಿ."

ಮಾಲೀಕ ನಕ್ಕ. ನಾನೂ ನಗಬೇಕಾಯಿತು.

ಜೂನ್ 9, ಭಾನುವಾರ

ತಂಗಿ ಬಂದಿದ್ದಳು. ಪ್ರತಿ ಭಾನುವಾರದಂತೆ ತರಕಾರಿ ಹೆಚ್ಚಿಕೊಟ್ಟಳು, ನನ್ನ ಫ್ಯಾನಿನ ಧೂಳು ಒರೆಸಿದಳು, ಮಗಳ ಪರೀಕ್ಷೆಯ ಕಥೆ ಹೇಳಿದಳು. "ನಮ್ಮ ಡಿಪಾರ್ಟ್‌ಮೆಂಟಲ್ಲಿ ಈಗ ಕೆಲಸ ಜಾಸ್ತಿ" ಎಂದಳು. ಕೈಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿವೆ. ಕೇಳಿದರೆ ಸೋಪು ಆಗಿಬರುತ್ತಿಲ್ಲ ಎಂದಳು.

ಲಿಸ್ಟಿನಲ್ಲಿ ಅವಳದು ಅರವತ್ತನಾಲ್ಕನೆಯ ಸಂಖ್ಯೆ. ನಾಲ್ಕೂ ಹೌದು. ಕರೆ ಮಾಡದೆ ಟಿಕ್ ಹಾಕಿದ್ದು ಅದೊಂದೇ.

ಜೂನ್ 11, ಮಂಗಳವಾರ

ನಿಧಾನವಾಗಿ ಬರೆಯಬೇಕು.

ಕೆಲಸ ಕೊಟ್ಟವರನ್ನೂ ಒಮ್ಮೆ ಕೇಳಬೇಕು ಎನ್ನುವುದು ನಿಯಮ. ಆಸ್ಪತ್ರೆಗೆ ಹೋದೆ. ದಾಖಲೆ ವಿಭಾಗ ನೆಲಮಾಳಿಗೆಯಲ್ಲಿ. ಉದ್ದಕ್ಕೂ ಕಬ್ಬಿಣದ ರ‍್ಯಾಕು. ಎಲ್ಲ ಖಾಲಿ. ಮೂಲೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಮುಖ್ಯಸ್ಥ. ವಿಭಾಗ ಅಂದರೆ ಈಗ ಅವರೊಬ್ಬರೇ.

"ಹಳೇ ಫೈಲ್ ಸ್ಕ್ಯಾನ್ ಮಾಡೋಕೆ ಏಜೆನ್ಸಿಯಿಂದ ಬ್ಯಾಚ್ ಬ್ಯಾಚಾಗಿ ಕಳಿಸ್ತಿದ್ರು. ಒಂದು ತಿಂಗಳು ಒಂದು ಬ್ಯಾಚು. ತಿಂಗಳಾದ ಮೇಲೆ ಅವರನ್ನ ಬಿಟ್ಟು ಹೊಸಬರು. ಹೋದ ವರ್ಷ ಅದೂ ಮುಗೀತು. ಈಗ ಡಾಕ್ಟರೇ ಕಂಪ್ಯೂಟರಲ್ಲಿ ಬರ್ಕೊಳ್ತಾರೆ."

ನನ್ನ ಹಳೆಯ ಪ್ರಶ್ನಾವಳಿ ತೆಗೆದು ತೋರಿಸಿದೆ. "ನಾಲ್ಕು ವರ್ಷದ ಹಿಂದೆ ನೀವೇ ನಲವತ್ತು ಜನ ಬೇಕು ಅಂತ ಬರೆದಿದ್ರಿ."

ಕನ್ನಡಕ ಏರಿಸಿ ನೋಡಿದರು. "ಹೌದು, ನನ್ನ ಸೈನೇ. ಬೇಕು ಅಂದ್ರೆ ಒಂದು ಟಿಕ್ಕು ಮೇಡಂ. ಬೇಡ ಅಂದ್ರೆ ಮೂರು ಪುಟ ಕಾರಣ ತುಂಬಬೇಕಿತ್ತು. ಯಾರಿಗಿತ್ತು ಪುರುಸೊತ್ತು?"

ಆ ಮೂರು ಪುಟ ಸೇರಿಸಿದವಳು ನಾನು. ಸರ್ವೆ ಗಂಭೀರವಾಗಿ ಕಾಣಲಿ ಎಂದು.

ಹೊರಗೆ ಬಂದು ತಂಗಿಗೆ ಫೋನ್ ಮಾಡಿದೆ.

"ಎಲ್ಲಿದೀಯಾ?"

"ಆಸ್ಪತ್ರೇಲಿ ಅಕ್ಕ. ಡ್ಯೂಟಿ."

"ನಾನೂ ಆಸ್ಪತ್ರೇಲೇ ಇದೀನಿ. ದಾಖಲೆ ವಿಭಾಗದ ಮೆಟ್ಟಿಲ ಮೇಲೆ."

ಫೋನಿನ ಆ ಕಡೆ ಏನೋ ಯಂತ್ರ ತಿರುಗುವ ಸದ್ದು ಮಾತ್ರ.

"ಹಿಂದುಗಡೆ ಬಾ" ಎಂದಳು. "ಬಟ್ಟೆ ಒಗೆಯೋ ಕಡೆ."

ಹಬೆ. ಔಷಧಿಯ ವಾಸನೆ. ಹಾಸಿಗೆ ಬಟ್ಟೆಗಳ ಗುಡ್ಡ. ತಂಗಿ ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡು ರಕ್ತದ್ದು ಒಂದು ಕಡೆ, ಬರಿ ಕೊಳೆಯದ್ದು ಒಂದು ಕಡೆ ಎಸೆಯುತ್ತಿದ್ದಳು. ಕತ್ತಿನಲ್ಲಿ ಇನ್ನೂ ಅದೇ ಐಡಿ ಕಾರ್ಡು, 'ದಾಖಲೆ ಸಹಾಯಕಿ'. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ."

"ನನಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ ಅಕ್ಕ? ಸಿಕ್ಕ ಸಿಕ್ಕವರಿಗೆಲ್ಲ ನೀನು, ನನ್ನ ತಂಗಿ ದಾಖಲೆ ವಿಭಾಗದಲ್ಲಿದಾಳೆ ಅಂತ ಹೇಳ್ಕೊಂಡು ತಿರುಗ್ತಿದ್ದೆ. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ಈ ಕೆಲಸದ ಬಗ್ಗೆ ನಂಗೆ ಬೇಜಾರಿಲ್ಲ. ಒಂದು ವರ್ಷ ಕೂತು ಕಲಿತೆನಲ್ಲ, ಅದಕ್ಕೆ ಬೇಜಾರು. ರೋಗದ ಕೋಡುಗಳೆಲ್ಲ ಇನ್ನೂ ಬಾಯಿಪಾಠ ಇವೆ. ಈ ಬಟ್ಟೆ ಯಾವ ವಾರ್ಡಿಂದು ಅಂತ ನೋಡಿದ ತಕ್ಷಣ ನಂಬರು ತಾನಾಗೇ ನೆನಪಾಗುತ್ತೆ. ಏನು ಮಾಡ್ಲಿ ಅದನ್ನ ಇಟ್ಕೊಂಡು?"

ಟ್ರಾಲಿ ತುಂಬಿತು. ತಳ್ಳಿಕೊಂಡು ಹೊರಟವಳು ತಿರುಗಿ ನಿಂತಳು.

"ಥಂಡಿ ಮೇಷ್ಟ್ರ ಕೋರ್ಸಿಗೆ ಸೇರ್ತೀನಿ ಅಂದಿದ್ದೆ ನಾನು. ನೆನಪಿದೆಯಾ? ಗ್ರೀಸ್ ಮೆತ್ತಿಕೊಳ್ಳೋ ಕೆಲಸ ನಿಂಗ್ಯಾಕೆ, ನಾನು ಸರ್ವೆ ಮಾಡಿದೀನಿ, ನಂಗೊತ್ತು ಅಂದೆ ನೀನು."

ನೆನಪಿದೆ. ಮಾತಿಗೆ ಮಾತು ನೆನಪಿದೆ.

ಜೂನ್ 12, ಬುಧವಾರ

ಫಾರ್ಮಿನ ಕೆಳಗೆ ಪೆನ್ಸಿಲಿನಲ್ಲಿ ಐದನೆಯ ಪ್ರಶ್ನೆ ಬರೆದೆ. 'ಆರು ತಿಂಗಳಾದ ಮೇಲೂ ಅದೇ ಕೆಲಸದಲ್ಲಿ ಇದ್ದಿರಾ?' ಎಲ್ಲರಿಗೂ ಮತ್ತೆ ಕರೆ. ಮೊದಲನೆಯ ನಂಬರಿನಿಂದ.

ಜೂನ್ 20, ಗುರುವಾರ

ಮುಗಿಯಿತು. ಗಂಟಲು ಕಟ್ಟಿದೆ.

ದಾಖಲೆ ಕೋರ್ಸು: ನೂರ ಹನ್ನೆರಡು ಜನ. ನೇಮಕ ಪತ್ರ ಇದ್ದವರು ನೂರಮೂರು. ಆರು ತಿಂಗಳ ನಂತರ ಉಳಿದವರು ಒಂಬತ್ತು.

ರೆಫ್ರಿಜರೇಷನ್: ಮೂವತ್ತು ಜನ. ಪತ್ರ ಇದ್ದವರು ಹನ್ನೊಂದು. ಆರು ತಿಂಗಳ ನಂತರವೂ ಅದೇ ಕಸುಬಿನಲ್ಲಿ ಇದ್ದವರು ಇಪ್ಪತ್ತಾರು.

ಮೂರು ಸಲ ಎಣಿಸಿದೆ. ಒಂಬತ್ತೇ.

ಒಬ್ಬ ಹೆಂಗಸು ಹೇಳಿದಳು, "ನೀವು ಮತ್ತೆ ಫೋನ್ ಮಾಡಿದಿರಲ್ಲ ಅದೇ ದೊಡ್ಡದು. ಇಲ್ಲಿವರೆಗೆ ಯಾರೂ ಎರಡನೇ ಸಲ ಕೇಳಿರಲಿಲ್ಲ." ಅದನ್ನು ಹೊಗಳಿಕೆ ಅಂತ ತೆಗೆದುಕೊಳ್ಳುವುದು ಹೇಗೆ.

ಜೂನ್ 24, ಸೋಮವಾರ

ರಿಪೋರ್ಟು ಬರೆಯುತ್ತಿದ್ದೇನೆ. ಹದಿನಾಲ್ಕನೆಯ ಪುಟದಲ್ಲಿ ಸಿಕ್ಕಿಕೊಂಡಿದ್ದೆ. ಕೊನೆಗೆ ಹೀಗೆ ಬರೆದೆ: 'ಹಿಂದಿನ ಸರ್ವೆಯ ಬೇಡಿಕೆಯ ಅಂದಾಜು ತಪ್ಪಾಗಿತ್ತು. ಪ್ರಶ್ನಾವಳಿಯೇ ಉತ್ತರದಾತರನ್ನು ಹೌದು ಎನ್ನುವ ಕಡೆ ತಳ್ಳುವಂತಿತ್ತು. ಅದನ್ನು ರೂಪಿಸಿದ್ದು ಈ ವರದಿಯ ಲೇಖಕಿಯೇ.'

ಹದಿಮೂರು ದಿನದ ಮೇಲೆ ತಂಗಿ ಇವತ್ತು ಸಂಜೆ ಬಂದಳು. ಆ ಪುಟ ಓದಲು ಕೊಟ್ಟೆ. ಕ್ಷಮೆ ಕೇಳಲು ನನಗೆ ಬರುವ ರೀತಿ ಅದೊಂದೇ.

ಓದಿ ವಾಪಸು ಕೊಟ್ಟಳು. "ಇದನ್ನ ಯಾಕೆ ಹಾಕ್ತೀಯಾ? ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡ ಹಾಗೆ."

"ನಿಜ ತಾನೇ."

"ನಿಜ ಹೌದು. ನಿಜ ಬೇಕು ಅಂತ ಕೇಳಿದವರು ಯಾರು?"

ತೆಗೆಯಲಿಲ್ಲ. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟಳು, ಒಂದು ಕ್ಷಣ. ಒಣಗಿ ಒರಟಾದ ಕೈ.

ಜೂನ್ 28, ಶುಕ್ರವಾರ

ಕೊಟ್ಟೆ. ಮೂವತ್ತೊಂದು ಪುಟ. ದಾಖಲೆ ಕೋರ್ಸು ಮುಚ್ಚಬೇಕು, ರೆಫ್ರಿಜರೇಷನ್ ಸೀಟು ಹೆಚ್ಚಿಸಬೇಕು, ನೇಮಕ ಪತ್ರದ ನಿಯಮ ತೆಗೆಯಬೇಕು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ರಿಪೋರ್ಟನ್ನು ನಾನೇ ನಂಬಿದೆ.

ಮನಸ್ಸು ಹಗುರ. ನಡೆದುಕೊಂಡೇ ಮನೆಗೆ ಬಂದೆ.

ಜುಲೈ 22, ಸೋಮವಾರ

ಡೈರೆಕ್ಟರು ಕರೆಸಿದರು. ಕೂರಲು ಹೇಳಿದರು, ಚಹಾ ತರಿಸಿದರು. ಚಹಾ ಬಂದಾಗಲೇ ಅರ್ಥವಾಗಬೇಕಿತ್ತು.

"ತುಂಬ ಪ್ರಾಮಾಣಿಕ ರಿಪೋರ್ಟು ಮೇಡಂ. ಕಮಿಟಿಯವರೆಲ್ಲ ಮೆಚ್ಚಿದರು. ಮುಖ್ಯವಾಗಿ ಹದಿನಾಲ್ಕನೇ ಪುಟ."

ಕಮಿಟಿಯ ಟಿಪ್ಪಣಿ ನನ್ನ ಕಡೆ ಸರಿಸಿದರು. ಓದಿದೆ. ಅದರ ಸಾರ ಇಷ್ಟು: ತಾನು ಹಿಂದೆ ಬಳಸಿದ ವಿಧಾನ ನಂಬಲರ್ಹವಲ್ಲ ಎಂದು ಲೇಖಕಿಯೇ ಒಪ್ಪಿಕೊಂಡಿದ್ದಾರೆ. ಆರು ತಿಂಗಳ ಅಂಕಿ ಅಂಶವನ್ನು ಸಂಗ್ರಹಿಸಿದವರೂ ಅವರೇ. ಅದೂ ಅನುಮತಿಯಿಲ್ಲದ, ಪೆನ್ಸಿಲಿನಲ್ಲಿ ಸೇರಿಸಿದ ಪ್ರಶ್ನೆಯಿಂದ. ಆದ್ದರಿಂದ ಅದನ್ನು ಪರಿಗಣಿಸಲಾಗದು. ಮೂಲ ನಾಲ್ಕು ಪ್ರಶ್ನೆಗಳ ಆಧಾರದ ಮೇಲೆ ತೀರ್ಮಾನಿಸಲಾಗಿದೆ.

ತೊಂಬತ್ತೆರಡು. ಮೂವತ್ತೇಳು.

ದಾಖಲೆ ಕೋರ್ಸಿಗೆ ಸೀಟು ದುಪ್ಪಟ್ಟು. ಹೆಸರು ಮಾತ್ರ ಹೊಸದು, 'ಡಿಜಿಟಲ್ ಆರೋಗ್ಯ ಮಾಹಿತಿ'. ರೆಫ್ರಿಜರೇಷನ್ ಈ ತಿಂಗಳ ಕೊನೆಗೆ ಬಂದ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕುವ ಕಬ್ಬಿಣ ಕಾಯಿಸಿ ಕೈಗೆ ಕೊಟ್ಟವಳು ನಾನು.

"ಸರ್, ಒಂಬತ್ತೇ ಜನ ಉಳಿದಿದಾರೆ. ನೀವೇ ಬೇಕಾದ್ರೆ ಫೋನ್ ಮಾಡಿ ನೋಡಿ."

"ನಾನು ನಂಬ್ತೀನಿ ಮೇಡಂ. ನಾನು ನಂಬಿದ್ರೆ ಏನು ಬಂತು? ಪತ್ರ ಇದ್ರೆ ಆಡಿಟ್‌ನಲ್ಲಿ ತೋರಿಸಬಹುದು. ಸ್ಕ್ರೂಡ್ರೈವರ್ ಹಿಡ್ಕೊಂಡು ಓಡಾಡೋ ಹೆಂಗಸನ್ನ ಏನಂತ ತೋರಿಸೋದು?"

ಕೆಟ್ಟ ಮನುಷ್ಯರೇನಲ್ಲ. ನನ್ನ ಚಹಾ ಆರಿದ್ದು ನೋಡಿ ಇನ್ನೊಂದು ತರಿಸಿದರು. ಅದೇ ಹೆಚ್ಚು ಉರಿಯಿತು.

ಏಳುವಾಗ ಎಂದರು: "ಐದನೇ ತಾರೀಕು ಹೊಸ ಬ್ಯಾಚಿನ ಉದ್ಘಾಟನೆ. ನೀವೂ ಎರಡು ಮಾತಾಡಿ. ಸರ್ವೆ ಮಾಡಿದವರು ಅಂದ್ರೆ ಜನಕ್ಕೆ ನಂಬಿಕೆ."

ತಂಗಿಗೆ ಹೇಳಲಿಲ್ಲ. ಈಗ ಮುಚ್ಚಿಡುವ ಸರದಿ ನನ್ನದು.

ಜುಲೈ 24, ಬುಧವಾರ

ಶೆಡ್ಡಿಗೆ ಹೋದೆ. ಹೋಗದೆ ಇರಬಹುದಿತ್ತು.

ಥಂಡಿ ಮೇಷ್ಟ್ರು ಕಲಿಕೆಯ ಮೆಷಿನುಗಳಿಂದ ಗ್ಯಾಸನ್ನು ಸಿಲಿಂಡರಿಗೆ ಇಳಿಸುತ್ತಿದ್ದರು. ಗಾಳಿಗೆ ಬಿಟ್ಟರೆ ಐದು ನಿಮಿಷದ ಕೆಲಸ. ಬಿಡಬಾರದು ಎಂದು ಒಂದೊಂದೇ ಮೆಷಿನಿಗೆ ಅರ್ಧ ಗಂಟೆ ಕೂತಿದ್ದರು. ಯಾರೂ ನೋಡುತ್ತಿರಲಿಲ್ಲ.

"ರಿಪೋರ್ಟು ಓದಿದೆ ಮೇಡಂ. ಪ್ರಿನ್ಸಿಪಾಲರು ಕೊಟ್ಟರು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಈ ಶೆಡ್ಡಿನ ಬಗ್ಗೆ ಯಾರೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ."

"ನನ್ನಿಂದಾನೇ ಮುಚ್ಚಿತು ಮೇಷ್ಟ್ರೇ. ಆ ಒಂದು ಪುಟ ಬರೀದೇ ಇದ್ದಿದ್ರೆ…"

ಮೀಟರಿನ ಮುಳ್ಳು ನೋಡುತ್ತಲೇ ಇದ್ದರು. ಅಲ್ಲ, ನಿಮ್ಮಿಂದ ಅಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಹೌದು" ಎಂದರು. "ಬರೀಬಾರದಿತ್ತು. ಒಳಗಿನ ಮಾತು ಒಳಗೇ ಇಟ್ಕೊಂಡು ನಮ್ಮ ಇಪ್ಪತ್ತಾರರ ಲೆಕ್ಕ ಉಳಿಸಬೇಕಿತ್ತು. ನೀವು ನಿಮ್ಮ ಮನಸ್ಸನ್ನ ತೊಳ್ಕೊಂಡ್ರಿ. ಆ ನೀರು ಇಲ್ಲಿಗೆ ಹರೀತು."

ವಾಲ್ವ್ ತಿರುಗಿಸಿ ಮುಂದಿನ ಮೆಷಿನಿಗೆ ಹೋದರು. ಸ್ಟೂಲ್ ಇತ್ತು. ಕೂರಿ ಎನ್ನಲಿಲ್ಲ.

ಜುಲೈ 31

ಮೇಷ್ಟ್ರು ಹೇಳಿದ್ದು ಸರಿ.

ಆಗಸ್ಟ್ 5, ಸೋಮವಾರ, ಸಂಜೆ ಐದೂವರೆ

ಉದ್ಘಾಟನೆ ಆಯಿತು. ಬಿಸಿಯಾಗಿರುವಾಗಲೇ ಬರೆದುಬಿಡುತ್ತೇನೆ.

ಕಾಲೇಜಿನ ಹಾಲು ತುಂಬಿತ್ತು. ಹೆಚ್ಚಿನವರು ಹೆಂಗಸರು, ಮೂವತ್ತೈದು ನಲವತ್ತು ದಾಟಿದವರು. ಮುಚ್ಚಿದ ಕಾರ್ಖಾನೆಗಳಿಂದ ಬಂದವರು. ಎಲ್ಲರ ತೊಡೆಯ ಮೇಲೂ ಪ್ರವೇಶದ ಫಾರ್ಮು. ಡೈರೆಕ್ಟರು ಮಾತಾಡಿದರು. ಪ್ರಿನ್ಸಿಪಾಲರು ತೊಂಬತ್ತೆರಡು ಎಂದರು, ಚಪ್ಪಾಳೆ ಬಿತ್ತು. ಆಮೇಲೆ ನನ್ನ ಹೆಸರು ಕರೆದರು.

ಬರೆದುಕೊಂಡು ಹೋಗಿದ್ದ ಕಾಗದ ಬ್ಯಾಗಿನಲ್ಲೇ ಬಿಟ್ಟೆ. ಒಂಬತ್ತು ಎಂದೆ. ನೂರ ಹನ್ನೆರಡರಲ್ಲಿ ಒಂಬತ್ತು. ಉಳಿದವರದು ಒಂದು ತಿಂಗಳ ಕೆಲಸ. ನನ್ನ ಸ್ವಂತ ತಂಗಿಯನ್ನು ನಾನೇ ಈ ಕೋರ್ಸಿಗೆ ಸೇರಿಸಿದೆ, ಆ ಒಂಬತ್ತರಲ್ಲಿ ಅವಳಿಲ್ಲ. ಈ ಕೆಲಸಕ್ಕೆ ಜನ ಬೇಕು ಅಂತ ಬರೆದವಳು ನಾನು, ಅದು ತಪ್ಪು. ಇಷ್ಟು ಹೇಳಿದೆ. ಧ್ವನಿ ಏರಿಸಲಿಲ್ಲ.

ಡೈರೆಕ್ಟರು ನೆಲ ನೋಡಿದರು. ಪ್ರಿನ್ಸಿಪಾಲರ ಮುಖದ ಮೇಲೆ ನಗು ಹಾಗೇ ಇತ್ತು, ತೆಗೆಯುವುದು ಮರೆತುಹೋದವರಂತೆ.

ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಕೆಲವರಾದರೂ. ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ.

ಮೂರನೆಯ ಸಾಲಿನಲ್ಲಿ ಒಬ್ಬಾಕೆ ಎದ್ದಳು. ದಪ್ಪ ಕನ್ನಡಕ. ಕೈಯಲ್ಲಿ ಪೆನ್ನು.

"ನೀವು ಹೇಳಿದ್ದು ಅರ್ಥ ಆಯ್ತು ಮೇಡಂ. ಇದಕ್ಕೆ ಸೇರಬೇಡಿ ಅಂತೀರಿ. ಹಾಗಾದ್ರೆ ಯಾವುದಕ್ಕೆ ಸೇರ್ಲಿ? ಅದನ್ನ ಹೇಳಿ."

ಕೊಂಕಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಹಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕೆಲವರು ಬರೆದುಕೊಳ್ಳಲು ತಯಾರಾದರು.

"ರೆಫ್ರಿಜರೇಷನ್ ಅಂತ ಒಂದು ಕೋರ್ಸು" ಎಂದೆ.

"ಎಲ್ಲಿದೆ ಅದು?"

"ಇಲ್ಲೇ. ಹಿಂದಿನ ಶೆಡ್ಡಿನಲ್ಲಿ… ಇತ್ತು."

ಸ್ವಲ್ಪ ಹೊತ್ತು ನಿಂತೇ ಇದ್ದಳು, ಮಾತು ಇನ್ನೂ ಇದೆಯೇನೋ ಎಂದು. ಆಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಫಾರ್ಮನ್ನು ತೊಡೆಯ ಮೇಲೆ ನೇರ ಮಾಡಿಕೊಂಡು ಮೊದಲ ಗೆರೆಯಲ್ಲಿ ಹೆಸರು ಬರೆಯತೊಡಗಿದಳು. ಪಕ್ಕದವಳೂ ಬರೆದಳು. ಅವಳ ಪಕ್ಕದವಳೂ. ಸಾಲಿನಿಂದ ಸಾಲಿಗೆ ತಲೆಗಳು ಬಗ್ಗುತ್ತ ಹೋದವು. ನಾನು ಮೈಕಿನ ಮುಂದೆ ಇನ್ನೂ ನಿಂತೇ ಇದ್ದೆ.